ಮೋರ್ಗನ್ನೋ ಕೇಟರ್‌ಹ್ಯಾಮೋ: ವಿಲೀನದ ಗಾಳಿಸುದ್ದಿ ಕೇಳಿಬಂದಾಗ ಕಾರು ಆರಿಸುವುದು ಹೇಗೆ

ಹೋದ ತಿಂಗಳು ಕವೆಂಟ್ರಿಯಲ್ಲಿರುವ ಗೆಳೆಯ ಫೋನ್ ಮಾಡಿದ. ಹುಬ್ಬಳ್ಳಿಯವನು, ಪೀಠಿಕೆ ಗೀಠಿಕೆ ಇಲ್ಲ. "ಲೇ, ಆ ಎರಡು ಸ್ಪೋರ್ಟ್ಸ್ ಕಾರ್ ಕಂಪನಿ ಒಂದಾಗ್ತಾವಂತ ಸುದ್ದಿ ಐತಿ. ನಾ ರೊಕ್ಕ ತೆಗೆದಿಟ್ಟೀನಿ. ಈಗ ತಗೊಳ್ಳೋದೋ, ತಡಿಯೋದೋ?"

ಯಾವ ಎರಡು ಕಂಪನಿ ಅಂತ ಕೇಳಿದರೆ ಅವನಿಗೂ ಸರಿಯಾಗಿ ಗೊತ್ತಿಲ್ಲ. ಯಾರೋ ಅಂದದ್ದನ್ನು ಇನ್ಯಾರೋ ಅಂದಿದ್ದರು, ಅಷ್ಟೇ. ಇಂಗ್ಲೆಂಡಿನ ಸಣ್ಣ ಕಾರ್ ಕಂಪನಿಗಳ ಮದುವೆ ಸುದ್ದಿ ನಮ್ಮಲ್ಲಿ ಚುನಾವಣೆ ಹೊತ್ತಿಗೆ ಏಳುವ ಪಕ್ಷಾಂತರದ ಸುದ್ದಿಯ ಹಾಗೆ. ಹೆಸರುಗಳು ಬದಲಾಗುತ್ತಿರುತ್ತವೆ, ಸುದ್ದಿ ಅದೇ. ಅವನ ತಲೆಯಲ್ಲಿದ್ದದ್ದು ಮೋರ್ಗನ್, ಇಲ್ಲದಿದ್ದರೆ ಕೇಟರ್‌ಹ್ಯಾಮ್. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಈ ಎರಡರ ನಡುವೆ ತೂಗುಯ್ಯಾಲೆ ಆಡುತ್ತಿರುವ ಕನ್ನಡದವರು ಬ್ರಿಟನ್ನಿನಲ್ಲಿ ಇನ್ನೂ ನಾಲ್ಕು ಜನ ಇದ್ದಾರು.

ಮೊದಲು ಎಂಜಿನ್ ಯಾರ ಮನೆಯದು ಕೇಳಿ

ವಿಲೀನ ಅಂದ ಕೂಡಲೇ ಎಲ್ಲರಿಗೂ ಬರುವ ಭಯ ಒಂದೇ: ನಾಳೆ ಸ್ಪೇರ್ ಪಾರ್ಟ್ಸ್ ಸಿಗದಿದ್ದರೆ? ಭಯ ಸರಿಯಾದದ್ದೇ. ಆದರೆ ಜನ ಮಾಲೀಕನ ಹೆಸರು ನೋಡಿ ಹೆದರುತ್ತಾರೆ, ಬಾನೆಟ್ ಎತ್ತಿ ನೋಡುವುದಿಲ್ಲ. ಈ ಸಣ್ಣ ಕಂಪನಿಗಳಲ್ಲಿ ಹೆಚ್ಚಿನವು ಎಂಜಿನ್ನನ್ನು ತಾವೇ ಮಾಡುವುದಿಲ್ಲ. ಫೋರ್ಡ್, ಬಿಎಂಡಬ್ಲ್ಯು, ಸುಜುಕಿ, ಟೊಯೊಟಾ, ಹೀಗೆ ದೊಡ್ಡ ಮನೆಗಳಿಂದ ತಂದು ಕೂರಿಸುತ್ತವೆ. ಗಾಡಿಯ ಹಣೆಬರಹ ಬರೆಯುವುದು ಆ ದೊಡ್ಡ ಮನೆ.

ಹಳೆಯ ಕಥೆಯೊಂದಿದೆ. 1950ರಲ್ಲಿ ಮೋರ್ಗನ್ ತಂದ ಪ್ಲಸ್ ಫೋರ್ ಕಾರಿಗೆ ಹಾಕಿದ್ದು ಸ್ಟ್ಯಾಂಡರ್ಡ್ ಕಂಪನಿಯ ವ್ಯಾನ್‌ಗಾರ್ಡ್ ಎಂಜಿನ್. (ನಮ್ಮ ಅಪ್ಪಂದಿರ ಕಾಲದಲ್ಲಿ ಮದ್ರಾಸಿನಿಂದ ಬರುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ನೆನಪಿದೆಯಲ್ಲ, ಅದೇ ಸ್ಟ್ಯಾಂಡರ್ಡ್.) ಆ ಕಂಪನಿಯ ಯಜಮಾನ ಸರ್ ಜಾನ್ ಬ್ಲ್ಯಾಕ್, ಎಂಜಿನ್ ಕೊಟ್ಟದ್ದು ಸಾಲದೆಂದು, ಮೋರ್ಗನ್ ಕಂಪನಿಯನ್ನೇ ಕೊಂಡುಬಿಡುತ್ತೇನೆ ಎಂದ. ಮೋರ್ಗನ್ ಮನೆತನ ಒಲ್ಲೆ ಎಂದಿತು. ಬ್ಲ್ಯಾಕ್ ತಾನೇ ಒಂದು ಸ್ಪೋರ್ಟ್ಸ್ ಕಾರು ಮಾಡಿಸಿದ, ಅದು 1953ರಲ್ಲಿ ಟ್ರಯಂಫ್ ಟಿಆರ್2 ಆಗಿ ಹೊರಬಂತು. ಹೆಣ್ಣು ಕೊಡಲ್ಲ ಎಂದ ಮನೆಯ ಜೊತೆ ಕೊಡುಕೊಳ್ಳುವಿಕೆ ನಿಂತುಹೋಗಬೇಕಿತ್ತು. ನಿಲ್ಲಲಿಲ್ಲ. ಅದೇ ಟಿಆರ್ ಎಂಜಿನ್ ಮೋರ್ಗನ್ನಿಗೂ ಬಂತು. ಆ ಕಾಲದ ಪ್ಲಸ್ ಫೋರ್‌ಗೆ ಇವತ್ತಿಗೂ ಪಿಸ್ಟನ್, ಗ್ಯಾಸ್ಕೆಟ್ ಸಿಗುವುದು ಸಾವಿರಾರು ಟ್ರಯಂಫ್‌ಗಳಲ್ಲಿ ಅದೇ ಎಂಜಿನ್ ಇದ್ದದ್ದರಿಂದ.

ಇನ್ನೊಂದು ನೋಡಿ. 2005ರಲ್ಲಿ ಕೇಟರ್‌ಹ್ಯಾಮ್‌ಗೆ ಎರಡು ಸಂಗತಿ ಒಟ್ಟಿಗೆ ನಡೆದವು. ಮೂವತ್ತು ವರ್ಷ ನಡೆಸಿಕೊಂಡು ಬಂದಿದ್ದ ನರ್ನ್ ಕುಟುಂಬ ಕಂಪನಿಯನ್ನು ಮಾರಿತು. ಅದೇ ವರ್ಷ ಅವರಿಗೆ ಕೆ-ಸೀರೀಸ್ ಎಂಜಿನ್ ಕೊಡುತ್ತಿದ್ದ ಎಂಜಿ ರೋವರ್ ಬಾಗಿಲು ಹಾಕಿತು. ಮೊದಲನೆಯದರಿಂದ ಗಾಡಿಯ ಒಂದು ಬೋಲ್ಟೂ ಅಲುಗಲಿಲ್ಲ. ಎರಡನೆಯದರಿಂದ ಫೋರ್ಡ್ ಎಂಜಿನ್ನಿಗೆ ಹೊರಳಬೇಕಾಯಿತು.

ಹಾಗಾದರೆ ಸ್ವಂತ ಎಂಜಿನ್ ಮಾಡಿದವರು? ಬ್ಲ್ಯಾಕ್‌ಪೂಲ್‌ನ ಟಿವಿಆರ್ ಆ ಸಾಹಸಕ್ಕೆ ಕೈಹಾಕಿತು. ಮಾಲೀಕ ಪೀಟರ್ ವೀಲರ್ ಕಾಲದಲ್ಲಿ ಬಂದ ಸ್ಪೀಡ್ ಸಿಕ್ಸ್ ಎಂಜಿನ್ನಿನ ಸದ್ದು ಕೇಳಿದವರು ಮರೆಯುವುದಿಲ್ಲ, ಅದರ ಮೊದಮೊದಲ ಎಂಜಿನ್‌ಗಳನ್ನು ಬಿಚ್ಚಿ ಮರುಕಟ್ಟಿಸಿದವರೂ ಮರೆಯುವುದಿಲ್ಲ. 2004ರಲ್ಲಿ ಕಂಪನಿ ನಿಕೊಲಾಯ್ ಸ್ಮೊಲೆನ್ಸ್ಕಿ ಎಂಬ ಇಪ್ಪತ್ತನಾಲ್ಕರ ರಷ್ಯನ್ ಹುಡುಗನ ಕೈಗೆ ಹೋಯಿತು, 2006ರಲ್ಲಿ ಬ್ಲ್ಯಾಕ್‌ಪೂಲ್ ಕಾರ್ಖಾನೆ ಮುಚ್ಚಿತು. ಬೇರೆ ಯಾವ ಕಾರಿನಲ್ಲೂ ಇಲ್ಲದ ಎಂಜಿನ್, ಮಾಡಿದವರೇ ಇಲ್ಲ. ಗಾಡಿಗಳು ಇವತ್ತಿಗೂ ಓಡುತ್ತಿವೆ, ಆದರೆ ಅವನ್ನು ಬಲ್ಲ ವರ್ಕ್‌ಶಾಪ್‌ಗಳು ಕೆಲವೇ.

ನಿಜವಾಗಿ ಒಂದಾಗಲು ಹೊರಟವರ ಕಥೆಯೂ ಇದೆ. 2012ರ ನವೆಂಬರಿನಲ್ಲಿ ರೆನೊ ಮತ್ತು ಕೇಟರ್‌ಹ್ಯಾಮ್ ಅರ್ಧರ್ಧ ಪಾಲಿನಲ್ಲಿ ಫ್ರಾನ್ಸಿನ ಡಿಯಪ್‌ನಲ್ಲಿ ಜಂಟಿ ಕಂಪನಿ ಮಾಡುತ್ತೇವೆಂದು ಸಾರಿದವು. ಒಂದೇ ಬುಡ, ಎರಡು ಕಾರು: ಅವರಿಗೊಂದು ಆಲ್ಪೀನ್, ಇವರಿಗೊಂದು ಕೇಟರ್‌ಹ್ಯಾಮ್. 2014ಕ್ಕೆ ಸಂಬಂಧ ಮುರಿಯಿತು, ಪಾಲನ್ನು ರೆನೊ ಕೊಂಡಿತು. 2017ರಲ್ಲಿ ಆಲ್ಪೀನ್ ಎ110 ಬಂದು ಹೆಸರು ಮಾಡಿತು. ಕೇಟರ್‌ಹ್ಯಾಮ್ ಪಾಲಿನ ಕಾರು ಬರಲೇ ಇಲ್ಲ. ಅಷ್ಟು ದೊಡ್ಡ ಗದ್ದಲ ನಡೆದಾಗಲೂ ಕೇಟರ್‌ಹ್ಯಾಮ್‌ನ ಮಾಮೂಲಿ ಸೆವೆನ್ ಕಾರು ಕೊಂಡವನಿಗೆ ಏನಾಯಿತು ಅಂದರೆ, ಏನೂ ಆಗಲಿಲ್ಲ. ಆದ್ದರಿಂದ ಗೆಳೆಯನಿಗೆ ಮೊದಲು ಹೇಳಿದ್ದು: ಗಾಳಿಸುದ್ದಿಯನ್ನು ಗಾಳಿಗೆ ಬಿಡು, ಗಾಡಿ ನೋಡೋಣ ಬಾ.

ಮೋರ್ಗನ್: ಮಾಲ್ವರ್ನ್‌ನ ಬಡಗಿಗಳ ಕಾರು

ಮಾಲ್ವರ್ನ್‌ನ ಪಿಕರ್ಸ್ಲೀ ರಸ್ತೆಯ ಕಾರ್ಖಾನೆಗೆ ಟಿಕೆಟ್ ತೆಗೆದುಕೊಂಡು ಯಾರು ಬೇಕಾದರೂ ಹೋಗಬಹುದು. ನಾನೂ ನನ್ನ ಹೆಂಡತಿಯೂ ಒಂದು ಶುಕ್ರವಾರ ಹೋಗಿದ್ದೆವು. ಕೆಂಪು ಇಟ್ಟಿಗೆಯ ಉದ್ದುದ್ದ ಶೆಡ್ಡುಗಳು, ಇಳಿಜಾರಿನ ಮೇಲೆ ಸಾಲಾಗಿ ನಿಂತಿವೆ. ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಕಾರನ್ನು ಕೈಯಲ್ಲೇ ತಳ್ಳಿಕೊಂಡು ಹೋಗುತ್ತಾರೆ. ಮರದ ಶೆಡ್ಡಿಗೆ ಕಾಲಿಟ್ಟಾಗ ಬಂದದ್ದು ಕಾರ್ಖಾನೆಯ ವಾಸನೆಯೇ ಅಲ್ಲ, ಗೃಹಪ್ರವೇಶಕ್ಕೆ ಮುಂಚೆ ಮನೆಯಲ್ಲಿ ಬಡಗಿ ಕೆಲಸ ನಡೆಯುವಾಗಿನ ವಾಸನೆ. ಆಶ್ ಮರದ ಮೂರು ತೆಳು ಪಟ್ಟಿಗಳಿಗೆ ಅಂಟು ಹಚ್ಚಿ, ಅಚ್ಚಿನಲ್ಲಿಟ್ಟು, ಕ್ಲಾಂಪ್ ಬಿಗಿದು ಬಾಗಿಸುತ್ತಾರೆ. ಒಣಗಿದ ಮೇಲೆ ಅದೇ ಹಿಂದಿನ ಚಕ್ರದ ಮೇಲಿನ ಕಮಾನು. ಹೆಂಡತಿ ಒಂದು ಕಮಾನನ್ನು ಸವರಿ, "ಇದು ತೊಟ್ಟಿಲು ಮಾಡೋರ ಕೆಲಸ ಕಣ್ರೀ" ಅಂದಳು.

ಇಲ್ಲೊಂದು ತಪ್ಪು ತಿಳಿವಳಿಕೆ ತಿದ್ದಬೇಕು. ಮೋರ್ಗನ್ ಚಾಸಿ, ಅಂದರೆ ಗಾಡಿಯ ತಳದ ಚೌಕಟ್ಟು, ಮರದ್ದು ಅಂತ ಎಲ್ಲರೂ ಹೇಳುತ್ತಾರೆ. ಹಾಗಿಲ್ಲ. ಹಳೆಯ ಗಾಡಿಗಳಲ್ಲಿ ಚಾಸಿ ಉಕ್ಕಿನದು, 2019ರ ಪ್ಲಸ್ ಸಿಕ್ಸ್‌ನಿಂದ ಶುರುವಾದ ಹೊಸ ತಲೆಮಾರಿನಲ್ಲಿ ಅಂಟಿಸಿ ಜೋಡಿಸಿದ ಅಲ್ಯೂಮಿನಿಯಂ. ಚಾಸಿಯ ಮೇಲೆ ಬಾಡಿಯ ಹಂದರ ಮಾತ್ರ ಆಶ್ ಮರದ್ದು, ಅದರ ಮೇಲೆ ಅಲ್ಯೂಮಿನಿಯಂ ತಗಡು.

2019ರಲ್ಲೇ ಇಟಲಿ ಮೂಲದ ಇನ್ವೆಸ್ಟ್‌ಇಂಡಸ್ಟ್ರಿಯಲ್ ಎಂಬ ಹೂಡಿಕೆ ಸಂಸ್ಥೆ ಬಹುಪಾಲು ಷೇರು ಕೊಂಡಿತು. 1909ರಿಂದ ಮನೆತನದ ಕೈಯಲ್ಲಿದ್ದ ಕಂಪನಿ, ಹೋಯಿತು ಅಂತ ಆಗ ಜನ ಬಾಯಿ ಬಡಿದುಕೊಂಡರು. ಬಡಗಿಗಳು ಅಲ್ಲೇ ಇದ್ದಾರೆ.

ಈಗ ಪ್ಲಸ್ ಫೋರ್ ವಿಷಯ. 2020ರಲ್ಲಿ ಬಂದ ಹೊಸ ಪ್ಲಸ್ ಫೋರ್‌ನಲ್ಲಿ ಬಿಎಂಡಬ್ಲ್ಯುನ 2 ಲೀಟರ್ ಟರ್ಬೊ ಎಂಜಿನ್, 255 ಅಶ್ವಶಕ್ತಿ, ತೂಕ ಸುಮಾರು ಒಂದು ಟನ್. ಬಂದಾಗ ಬೆಲೆ 62,995 ಪೌಂಡ್. ಅದೇ ಎಂಜಿನ್ ಎಷ್ಟೋ ಬಿಎಂಡಬ್ಲ್ಯು ಕಾರುಗಳಲ್ಲಿದೆ, ಮೇಲಿನ ಲೆಕ್ಕದ ಪ್ರಕಾರ ಇದು ಪಾಸು. ಬಾಗಿಲಿದೆ, ಹೀಟರ್ ಇದೆ, ಬಟ್ಟೆಯ ಟಾಪ್ ಇದೆ. ಡಿಕ್ಕಿ ಅನ್ನುವುದು ಇಲ್ಲವೇ ಇಲ್ಲ, ಸೀಟಿನ ಹಿಂದೆ ಎರಡು ಮೆತ್ತನೆ ಬ್ಯಾಗು ತುರುಕಬಹುದು. ಇಬ್ಬರೂ ವೇಲ್ಸ್ ಕಡೆಗೆ ಎರಡು ದಿನ ಹೋಗಿ, ಬಂದ ಮೇಲೂ ಮಾತಾಡುತ್ತಿರಬೇಕು ಅಂದರೆ ಈ ಪಟ್ಟಿಯಲ್ಲಿ ಇದೊಂದೇ ಗಾಡಿ.

ಸೂಪರ್ ತ್ರೀ ಬೇರೆಯದೇ ಪ್ರಾಣಿ. ಮುಂದೆ ಎರಡು ಚಕ್ರ, ಹಿಂದೆ ಒಂದು. ಬಾಗಿಲಿಲ್ಲ, ಚಾವಣಿಯಿಲ್ಲ. ಫೋರ್ಡ್‌ನ 1.5 ಲೀಟರ್ ಮೂರು ಸಿಲಿಂಡರ್ ಎಂಜಿನ್, 118 ಅಶ್ವಶಕ್ತಿ. ಮಾಜ್ದಾ ಎಂಎಕ್ಸ್-5ರ ಐದು ಗೇರಿನ ಡಬ್ಬಿ, ಅಲ್ಲಿಂದ ಹಿಂದಿನ ಚಕ್ರಕ್ಕೆ ಬೆಲ್ಟು. 2022ರಲ್ಲಿ ಬಂದಾಗ 41,995 ಪೌಂಡ್. ಓಡಿಸುವ ಮಜಾ ಬಣ್ಣಿಸಲು ಹೋಗುವುದಿಲ್ಲ, ಒಂದು ತೊಂದರೆ ಮಾತ್ರ ಹೇಳುತ್ತೇನೆ. ನಾಲ್ಕು ಚಕ್ರದ ಗಾಡಿಯಲ್ಲಿ ಗುಂಡಿ ಕಂಡರೆ ಅದನ್ನು ಎರಡೂ ಚಕ್ರಗಳ ನಡುವೆ ಬಿಟ್ಟು ದಾಟುತ್ತೇವಲ್ಲ, ಬೆಂಗಳೂರಿನಲ್ಲಿ ಕಾರು ಕಲಿತವರಿಗೆ ಅದು ರಕ್ತಗತ. ಇಲ್ಲಿ ಹಾಗೆ ಬಿಟ್ಟರೆ ಹಿಂದಿನ ಚಕ್ರ ನೇರ ಗುಂಡಿಗೇ ಇಳಿಯುತ್ತದೆ.

ಹಳೆಯ ಉಕ್ಕಿನ ಚಾಸಿಯ ಮೋರ್ಗನ್ ಕೊಳ್ಳುವವರು ಬಣ್ಣ ನೋಡಿ ಮರುಳಾಗಬೇಡಿ. ಬಾಗಿಲು ಅರ್ಧ ತೆರೆದು ಕೆಳಗಿನಿಂದ ಮೆಲ್ಲಗೆ ಎತ್ತಿ ನೋಡಿ. ಬಾಗಿಲಿನ ಜೊತೆ ಕಂಬವೂ ಅಲುಗಿದರೆ ಒಳಗಿನ ಮರ ಕೊಳೆತಿದೆ ಅಂತಲೇ ಅರ್ಥ. ಮುಂದಿನ ಚಕ್ರಗಳು ಮೇಲೆ ಕೆಳಗೆ ಆಡುವ ಸ್ಲೈಡಿಂಗ್ ಪಿಲ್ಲರ್‌ಗಳಿಗೆ ಗ್ರೀಸ್ ಹಾಕಿಸಿದ ಲೆಕ್ಕ ಕೇಳಿ. ಲೆಕ್ಕ ಇಟ್ಟವನು ಗಾಡಿಯನ್ನೂ ನೋಡಿಕೊಂಡಿರುತ್ತಾನೆ.

ಕೇಟರ್‌ಹ್ಯಾಮ್: ಬೇಡದ್ದನ್ನೆಲ್ಲ ಇಳಿಸಿದ ಗಾಡಿ

ಇದರ ಮೂಲ 1957ರಲ್ಲಿ ಕಾಲಿನ್ ಚಾಪ್‌ಮನ್ ತಂದ ಲೋಟಸ್ ಸೆವೆನ್. ಲೋಟಸ್‌ಗೆ ಅದು ಸಾಕೆನಿಸಿದಾಗ, ಸರ್ರೆಯ ಕೇಟರ್‌ಹ್ಯಾಮ್ ಊರಿನಲ್ಲಿ ಆ ಕಾರು ಮಾರುತ್ತಿದ್ದ ಗ್ರಹಮ್ ನರ್ನ್ 1973ರಲ್ಲಿ ಅದರ ಹಕ್ಕು ಕೊಂಡ. ಲೋಟಸ್ ಕೊನೆಗೆ ಮಾಡುತ್ತಿದ್ದದ್ದು ಫೈಬರ್‌ಗ್ಲಾಸ್ ಬಾಡಿಯ ನಾಲ್ಕನೇ ಸೀರೀಸು. ನರ್ನ್ ಬೇಗನೆ ಅದನ್ನು ಬಿಟ್ಟು ಹಿಂದಿನ ಮೂರನೇ ಸೀರೀಸಿಗೇ ಮರಳಿದ. ಅಲ್ಲಿಂದ ಇಲ್ಲಿಯವರೆಗೆ ಅದೇ ಆಕಾರ. ಆಮೇಲಿನ ಮಾಲೀಕರ ಪಟ್ಟಿ ಉದ್ದ: 2011ರಲ್ಲಿ ಮಲೇಷ್ಯಾದ ಟೋನಿ ಫರ್ನಾಂಡಿಸ್, 2021ರಲ್ಲಿ ಜಪಾನಿನ ವಿಟಿ ಹೋಲ್ಡಿಂಗ್ಸ್. ಈ ಕೊನೆಯವರು ಜಪಾನಿನಲ್ಲಿ ಇದೇ ಕಾರು ತರಿಸಿ ಮಾರುತ್ತಿದ್ದವರು. ಅಂಗಡಿಯವನೇ ಗಿರಣಿ ಕೊಂಡ ಹಾಗೆ.

ಸೆವೆನ್ 170 ತೂಗುವುದು 440 ಕಿಲೊ ಆಸುಪಾಸು. ಎಂಜಿನ್ ಸುಜುಕಿಯದು, ಬರೀ 660 ಸಿಸಿ, ಟರ್ಬೊ, 84 ಅಶ್ವಶಕ್ತಿ. ಅಷ್ಟು ಸಣ್ಣ ಎಂಜಿನ್ ಯಾಕೆಂದರೆ ಜಪಾನಿನ ಕೇ ಕಾರುಗಳ, ಅಂದರೆ ಅಲ್ಲಿನ ಪುಟಾಣಿ ಕಾರುಗಳ ವರ್ಗದ, ಅಳತೆಗೆ ಹೊಂದಲಿ ಅಂತ. ಆ ಅಳತೆಗಾಗಿಯೇ ಅಗಲ 1,470 ಮಿಲಿಮೀಟರ್. ನಿಂತಲ್ಲಿಂದ ಗಂಟೆಗೆ 60 ಮೈಲಿ ಮುಟ್ಟಲು 6.9 ಸೆಕೆಂಡು. 2021ರಲ್ಲಿ ಬಂದಾಗ ನಾವೇ ಜೋಡಿಸಿಕೊಳ್ಳುವ ಕಿಟ್ ರೂಪದಲ್ಲಿ ಬೆಲೆ 22,990 ಪೌಂಡಿನಿಂದ ಶುರು. ಇನ್ನೊಂದು ತುದಿಯಲ್ಲಿ 620ಆರ್, ಫೋರ್ಡ್ 2 ಲೀಟರಿಗೆ ಸೂಪರ್‌ಚಾರ್ಜರ್, 310 ಅಶ್ವಶಕ್ತಿ. ರಸ್ತೆಗೆ ಅಷ್ಟು ಬೇಡ. ನನ್ನನ್ನು ಕೇಳಿದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಫೋರ್ಡ್ ಎಂಜಿನ್ನಿನ 270 ಇಲ್ಲವೇ 360 ಸಾಕು. ಆ ಎಂಜಿನ್‌ಗಳು ಫೋರ್ಡ್‌ನ ಮಾಮೂಲಿ ಮನೆ ಕಾರುಗಳ ಸಂಬಂಧಿಕರು, ಬಿಡಿಭಾಗಕ್ಕೆ ಯಾರ ಕಾಲೂ ಹಿಡಿಯಬೇಕಿಲ್ಲ.

ಈಗ ಹತ್ತುವ ವಿಷಯ. ಪರಿಚಯದವರೊಬ್ಬರ ಗ್ಯಾರೇಜಿನಲ್ಲಿ ನಾನು ಮೊದಲ ಸಲ ಕೂತದ್ದು. ಸ್ಟೇರಿಂಗ್ ಕಳಚಿ ಡ್ಯಾಶ್ ಮೇಲಿಡಬೇಕು. ಒಂದು ಕಾಲು ಒಳಗಿಟ್ಟು, ಸೀಟಿನ ಮೇಲೆ ನಿಂತು, ಎರಡೂ ಕೈ ಊರಿ, ಹಾವು ಬಿಲಕ್ಕೆ ಇಳಿದಂತೆ ಕಾಲು ನೀಡುತ್ತ ಇಳಿಯಬೇಕು. ಇಳಿದ ಮೇಲೆ ಸ್ಟೇರಿಂಗ್ ಮತ್ತೆ ಕೂರಿಸಬೇಕು, ಕ್ಲಿಕ್ ಅನ್ನುವ ತನಕ. ನನ್ನ ಶೂ ಹತ್ತು ನಂಬರಿನದು, ಅಗಲ ಸೋಲಿನದು. ಬ್ರೇಕ್ ಒತ್ತಿದರೆ ಅಂಚು ಆಕ್ಸಿಲರೇಟರಿಗೂ ತಾಗುತ್ತಿತ್ತು. ಕೊನೆಗೆ ಶೂ ಬಿಚ್ಚಿ ಸಾಕ್ಸ್‌ನಲ್ಲೇ ಓಡಿಸಿದೆ. ಇಳಿಯುವಾಗ ಅವರು ಕೂಗಿ ಎಚ್ಚರಿಸುವಷ್ಟರಲ್ಲಿ ಪಕ್ಕದಲ್ಲಿ ಹೊರಗೇ ಇರುವ ಸೈಲೆನ್ಸರ್ ಮೀನಖಂಡಕ್ಕೆ ತಾಗಿತು. ಕಲೆ ಇನ್ನೂ ಇದೆ. ಕೇಟರ್‌ಹ್ಯಾಮ್ ಇಟ್ಟುಕೊಂಡವರ ಪೈಕಿ ಅರ್ಧ ಜನರಿಗೆ ಆ ಕಲೆ ಇರುತ್ತದೆಂದು ಅವರು ನಕ್ಕರು. ಮೈ ದೊಡ್ಡದಿದ್ದವರಿಗೆ ಎಸ್‌ವಿ ಅಂತ 110 ಮಿಲಿಮೀಟರ್ ಹೆಚ್ಚು ಅಗಲದ ಚಾಸಿ ಸಿಗುತ್ತದೆ. ಸಂಕೋಚಪಡದೆ ಅದನ್ನೇ ಕೇಳಿ.

ಆ ಗಾಡಿಯನ್ನು ಅವರೇ ಜೋಡಿಸಿದ್ದು, ಒಂದು ಚಳಿಗಾಲದ ಶನಿವಾರ ಭಾನುವಾರಗಳಲ್ಲಿ. ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದಿತ್ತಂತೆ. ಹೀಗೆ ಮನೆಯಲ್ಲಿ ಕಟ್ಟಿದ ಗಾಡಿಗೆ ಬ್ರಿಟನ್ನಿನಲ್ಲಿ ಐವಿಎ ಎಂಬ ಸರಕಾರಿ ಪರೀಕ್ಷೆ ಪಾಸಾಗದೆ ನಂಬರ್ ಪ್ಲೇಟ್ ಸಿಗುವುದಿಲ್ಲ. ಇನ್ಯಾರೋ ಕಟ್ಟಿದ್ದನ್ನು ನೀವು ಕೊಳ್ಳುವಾಗ ಆ ಕಾಗದ ಕೇಳಿ, ವಿ5ಸಿ ಎಂಬ ನೋಂದಣಿ ಪುಸ್ತಕದ ಜೊತೆ ತಾಳೆ ನೋಡಿ. ಕ್ಯೂ ಅಕ್ಷರದ ನಂಬರ್ ಪ್ಲೇಟ್ ಇದ್ದರೆ ಗಾಡಿಯ ವಯಸ್ಸು ಸರಿಯಾಗಿ ಗೊತ್ತಾಗಿಲ್ಲ ಎಂದರ್ಥ. ಓಡಿಸಲು ಅಡ್ಡಿಯಿಲ್ಲ, ಮರುಮಾರುವಾಗ ಬೆಲೆ ಇಳಿಯುತ್ತದೆ. ಆಮೇಲೆ ಗಾಡಿಯ ಮೂಗು ಬಿಚ್ಚಿಸಿ ಚಾಸಿಯ ಮುಂದಿನ ಕೊಳವೆಗಳನ್ನು ಟಾರ್ಚ್ ಹಾಕಿ ನೋಡಿ. ಪೌಡರ್ ಕೋಟಿಂಗ್ ಎದ್ದಿದ್ದರೆ ಒಳಗೆ ತುಕ್ಕು, ಕೊಳವೆ ಕೊಂಚ ಬಾಗಿದ್ದರೆ ಎಲ್ಲೋ ಗುದ್ದಿದೆ.

ಮಳೆ? ಟಾಪ್ ಇದೆ. ಅದನ್ನು ಹಾಕುವಷ್ಟರಲ್ಲಿ ಮಳೆ ನಿಂತಿರುತ್ತದೆ.

ಇವೆರಡೂ ಬೇಡ ಅನ್ನುವವರಿಗೆ

ಹಳೆಯ ಲೋಟಸ್ ಎಲೀಸ್ ಒಳ್ಳೆಯ ನಡುದಾರಿ. 1996ರಿಂದ 2021ರವರೆಗೆ ಬಂತು. ಆ ಅವಧಿಯಲ್ಲಿ ಲೋಟಸ್ ರೊಮಾನೊ ಆರ್ಟಿಯೊಲಿಯ ಕೈಯಿಂದ ಪ್ರೋಟಾನ್‌ಗೆ, 2017ರಲ್ಲಿ ಅಲ್ಲಿಂದ ಚೀನಾದ ಗೀಲಿಗೆ ಹೋಯಿತು, ಎಲೀಸ್ ತನ್ನ ಪಾಡಿಗೆ ತಾನು ಬರುತ್ತಲೇ ಇತ್ತು. ಮೊದಲಿನವಕ್ಕೆ ರೋವರ್ ಕೆ-ಸೀರೀಸ್ ಎಂಜಿನ್. ಹೆಡ್ ಗ್ಯಾಸ್ಕೆಟ್ ಸುಡುವುದು ಅದರ ಜಾತಕದಲ್ಲೇ ಇದೆ, ಬದಲಾಯಿಸಿದ ಬಿಲ್ಲಿದ್ದರೆ ಸಮಾಧಾನ. 2004ರಿಂದ ಬಂದ ಟೊಯೊಟಾ ಎಂಜಿನ್‌ನವು ನೆಮ್ಮದಿ. ಅಂಟಿಸಿದ ಅಲ್ಯೂಮಿನಿಯಂ ಚಾಸಿಗೆ ಪೆಟ್ಟು ಬಿದ್ದಿದ್ದರೆ ಮಾತ್ರ ಗಾಡಿಯನ್ನು ಅಲ್ಲೇ ಬಿಟ್ಟು ಬನ್ನಿ, ಉಕ್ಕಿನ ಹಾಗೆ ಅದನ್ನು ಎಳೆದು ನೇರ ಮಾಡಲಾಗುವುದಿಲ್ಲ.

ವೆಸ್ಟ್‌ಫೀಲ್ಡ್ ಸೆವೆನ್‌ನ ದಾಯಾದಿ. ಎಂಬತ್ತರ ದಶಕದಲ್ಲಿ ಕೇಟರ್‌ಹ್ಯಾಮ್ ಅದನ್ನು ಕೋರ್ಟಿಗೆಳೆದು, ಕೊನೆಗೆ ಹೊರಗೇ ರಾಜಿಯಾಯಿತು. 2022ರಲ್ಲಿ ಕಂಪನಿ ದಿವಾಳಿಯ ಬಾಗಿಲಿಗೆ ಬಂತು. ಗಾಡಿಗಳಲ್ಲಿ ಇರುವುದು ಹೆಚ್ಚಾಗಿ ಫೋರ್ಡ್, ಮಾಜ್ದಾದಂಥವರ ಸಾಮಾನು. ಅಗ್ಗ, ಸ್ವಂತ ಸ್ಪ್ಯಾನರ್ ಹಿಡಿಯುವವರಿಗೆ ಸರಿ.

ಟಿವಿಆರ್ ಬೇಕೇ ಬೇಕೆಂದರೆ ರೋವರ್ ವಿ8 ಎಂಜಿನ್ನಿನ ಕಿಮೇರಾ ನೋಡಿ. ಲಿಫ್ಟಿಗೆ ಏರಿಸದೆ ಕೊಳ್ಳಬೇಡಿ. ಚಾಸಿಯಿಂದ ಪಕ್ಕಕ್ಕೆ ಚಾಚಿದ ಕೊಳವೆಗಳು ಫೈಬರ್ ಬಾಡಿಯ ಅಡಿ ತುಕ್ಕು ಹಿಡಿಯುತ್ತವೆ. ಸರಿಯಾಗಿ ರಿಪೇರಿ ಮಾಡಬೇಕೆಂದರೆ ಬಾಡಿಯನ್ನೇ ಎತ್ತಬೇಕು.

ಒಂದಾದರೆ ಲಾಭವೂ ಇದೆಯಾ

ಗೆಳೆಯ ಬಿಡಲಿಲ್ಲ. "ಒಂದಾದ್ರ ರೇಟ್ ಇಳೀತದೇನು?" ಇಳಿಯುವ ಲಕ್ಷಣ ನನಗೆ ಕಾಣುವುದಿಲ್ಲ. ಮಾರುತಿ ಥರದ ಕಂಪನಿಗಳು ಕೂಡಿದರೆ ಲಕ್ಷಗಟ್ಟಲೆ ಬಿಡಿಭಾಗ ಒಟ್ಟಿಗೆ ಕೊಂಡು ಉಳಿಸಬಹುದು. ಕೆಲವು ನೂರು ಕಾರು ಮಾಡುವ ಇಬ್ಬರು ಸೇರಿದರೆ ಇನ್ನೂ ಕೆಲವು ನೂರು ಕಾರು, ಅಷ್ಟೇ. ಒಬ್ಬರದು ಬಡಗಿ ಕೆಲಸ, ಇನ್ನೊಬ್ಬರದು ಕೊಳವೆ ಬೆಸೆಯುವ ಕೆಲಸ. ಯಾವುದನ್ನು ಹಂಚಿಕೊಳ್ಳುತ್ತಾರೆ? ಮೇಲಾಗಿ ಸಣ್ಣವರಾಗಿರುವುದರಲ್ಲೇ ಒಂದು ಅನುಕೂಲವಿದೆ. ಯುರೋಪಿನಲ್ಲಿ ವರ್ಷಕ್ಕೆ ಸಾವಿರಕ್ಕಿಂತ ಕಡಿಮೆ ಕಾರು ನೋಂದಾಯಿಸುವ ಕಂಪನಿಗೆ ಇಂಗಾಲದ ಡೈಆಕ್ಸೈಡ್ ಗುರಿಗಳಿಂದ ವಿನಾಯಿತಿ. ಕೂಡಿಕೊಂಡು ದೊಡ್ಡವರಾಗುವ ಆತುರ ಇವರಿಗೇಕೆ?

ಹಾಗಾಗಿ ನನ್ನ ತೀರ್ಪು ಹೀಗೆ. ಬೀಗ ಹಾಕುವ ಗ್ಯಾರೇಜು, ಸ್ಪ್ಯಾನರ್ ಹಿಡಿಯುವ ಕೈ, ಒಬ್ಬನೇ ಬೆಳಿಗ್ಗೆ ಐದಕ್ಕೆ ಹೊರಡುವ ಹುಚ್ಚು, ಮೂರೂ ಇದ್ದರೆ ಸೆಕೆಂಡ್ ಹ್ಯಾಂಡ್ ಕೇಟರ್‌ಹ್ಯಾಮ್. ಜೊತೆಗೊಬ್ಬರು ಬರುತ್ತಾರೆ, ರಾತ್ರಿ ಬೇರೆ ಊರಲ್ಲಿ ತಂಗುತ್ತೀರಿ ಅಂದರೆ ಪ್ಲಸ್ ಫೋರ್, ದುಡ್ಡು ಮೂರು ಪಟ್ಟು ಹೋದರೂ. ಇನ್ಶೂರೆನ್ಸ್ ಮಾಡಿಸುವಾಗ ಗಾಡಿಯ ಬೆಲೆಯನ್ನು ಮೊದಲೇ ಒಪ್ಪಿ ಬರೆದುಕೊಡುವ ಪಾಲಿಸಿಯನ್ನೇ ಕೇಳಿ.

ಇದೆಲ್ಲ ಕೇಳಿ ಗೆಳೆಯ ಕೇಟರ್‌ಹ್ಯಾಮ್ 270 ಅಂತ ಗಟ್ಟಿ ಮಾಡಿಕೊಂಡ. ನೋಡಲು ಹೋಗುವ ದಿನವೂ ಗೊತ್ತಾಯಿತು. ಇನ್ಶೂರೆನ್ಸ್‌ಗೆಂದು ಲೈಸೆನ್ಸ್‌ನ ಫೋಟೊ ಕಳಿಸು ಅಂದೆ. ಕಳಿಸಿದ. ಹುಬ್ಬಳ್ಳಿಯಲ್ಲಿ ಹದಿನೆಂಟಕ್ಕೇ ಜೀಪು ಓಡಿಸಿದವನು, ಇಲ್ಲಿ ಟೆಸ್ಟ್ ಬೇಗ ಮುಗಿಯಲಿ ಅಂತ ಆಟೊಮ್ಯಾಟಿಕ್‌ನಲ್ಲಿ ಪಾಸು ಮಾಡಿಕೊಂಡಿದ್ದಾನೆ. ಆ ಲೈಸೆನ್ಸಿನಲ್ಲಿ ಕ್ಲಚ್ ಇರುವ ಗಾಡಿ ಓಡಿಸುವ ಹಾಗಿಲ್ಲ. ಸೆವೆನ್ 270ರಲ್ಲಿ ಕ್ಲಚ್ ಇಲ್ಲದ್ದು ಸಿಗುವುದೇ ಇಲ್ಲ, ಸೂಪರ್ ತ್ರೀಯದೂ ಅದೇ ಕಥೆ. ಪಟ್ಟಿಯಲ್ಲಿ ಅವನಿಗೆ ಉಳಿದದ್ದು ಆಟೊಮ್ಯಾಟಿಕ್ ಪ್ಲಸ್ ಫೋರ್ ಒಂದೇ, ಅಷ್ಟು ರೊಕ್ಕ ಅವನ ಹತ್ತಿರ ಇಲ್ಲ.

ಈಗ ಮಂಗಳವಾರ ಗುರುವಾರ ಸಂಜೆ ಮ್ಯಾನ್ಯುಯಲ್ ಕ್ಲಾಸಿಗೆ ಹೋಗುತ್ತಿದ್ದಾನೆ. ಕಲಿಸುವ ಹುಡುಗಿಗೆ ಇಪ್ಪತ್ತೈದರ ಆಸುಪಾಸು. "ನೀವು ಗೇರ್ ಚೆನ್ನಾಗಿ ಹಾಕ್ತೀರಿ, ಮೊದಲೇ ಎಲ್ಲಾದರೂ ಓಡಿಸಿದ್ದೀರಾ ಅಂತ ಕೇಳ್ತಾಳಲೇ" ಎಂದು ಮೊನ್ನೆ ಹೇಳಿಕೊಂಡು ಅತ್ತ.